ವ್ಲಾಸ್ತಾ ಬಂದರೆ ಬಣ್ಣ ಹೋಗುತ್ತದೆ

ಲಿಪೊವ್ಕಾ
12 ಫೆಬ್ರುವರಿ 2007

ಮಗಳೇ ಯಿತ್ಕಾ,

ನಾನು ಕ್ಷೇಮ. ಮೊಣಕಾಲು ಅಕ್ಷೇಮ. ಹೆಬ್ಬಾತುಗಳು ನಮ್ಮೆಲ್ಲರಿಗಿಂತ ಕ್ಷೇಮ. ಕ್ರಿಸ್ಮಸ್ಸಿಗೆ ಬಂದವಳು ನನ್ನ ಪಿಂಗಾಣಿ ತಟ್ಟೆಗಳನ್ನೆಲ್ಲ ಅಟ್ಟಕ್ಕೇರಿಸಿ ಅವುಗಳ ಜಾಗದಲ್ಲಿ ಕೂರಿಸಿ ಹೋದೆಯಲ್ಲ, ಆ ಬೂದು ಕಂಪ್ಯೂಟರ್ ಪೆಟ್ಟಿಗೆಯೂ ಕ್ಷೇಮವಾಗಿದೆ. ದಿನಾ ಒರೆಸುತ್ತೇನೆ.

ಫೋನಿನಲ್ಲೇ ಹೇಳುತ್ತೇನೆ ಅಂದರೆ, "ಬೇಡ ಅಜ್ಜಿ, ಬಾಯಲ್ಲಿ ಹೇಳಿದ್ದು ನಮ್ ಕೆಲ್ಸದಲ್ಲಿ ನಿಲ್ಲಲ್ಲ, ತಾರೀಖು ಹಾಕಿ ಬರ್ದು ಕಳ್ಸು" ಅಂದೆ. ನಾನು ಓದಿದ್ದು ಐದನೇ ಕ್ಲಾಸು. ಅದರಲ್ಲೂ ಬೀಟ್‌ರೂಟ್ ಕೀಳುವ ತಿಂಗಳಲ್ಲಿ ಶಾಲೆಯ ಮುಖ ನೋಡಿದವಳಲ್ಲ. ಕಾಗುಣಿತ ತಪ್ಪಿದ್ದರೆ ಬೀಟ್‌ರೂಟನ್ನು ಬಯ್ಯಿ.

ನೀನು ಹೇಳಿದ್ದರಲ್ಲಿ ನನ್ನ ತಲೆಗೆ ಹೊಕ್ಕಿದ್ದು ಇಷ್ಟು. ಪೆಟ್ಟಿಗೆಯೊಳಗೆ ಚಿತ್ರ ಬರೆಯುವ ಒಂದು ಚಿಪ್ ಇದೆ. ಅದು ಟಿವಿಗೂ ಚಿತ್ರ ಕಳಿಸಬಲ್ಲದು. ಆದರೆ ಮಾಡಿದ ಕಂಪನಿ ಬೀಗ ಮಾರಿ ಬೀಗದಕೈ ತಾನೇ ಇಟ್ಟುಕೊಂಡಿದೆ. ನಿಮ್ಮಂಥವರು ಊರೂರುಗಳಲ್ಲಿ ಕೂತು ಅರ ಹಿಡಿದು ಉಜ್ಜಿ ಉಜ್ಜಿ ಒಂದು ಕೈ ಮಾಡಿ, ಬೇಕಾದವರು ಒಯ್ಯಲಿ ಅಂತ ಬೇಲಿಗೆ ತೂಗುಹಾಕುತ್ತೀರಿ. ಅದಕ್ಕೆ ಡ್ರೈವರ್ ಅಂತ ಹೆಸರು. ಅದರಲ್ಲಿ ಟಿವಿಯ ಭಾಗ ನಿನ್ನ ಪಾಲಿನದು. ಎಸ್ಟೋನಿಯಾದಲ್ಲಿ ಕೂತಿರುವ ತಾರ್ಮೊ ಅನ್ನುವ ಯಜಮಾನ ಮೇ 31ರೊಳಗೆ ಅದನ್ನು ಒಪ್ಪಿ ಸೇರಿಸಿಕೊಂಡರೆ ನಿನಗೆ ಪದವಿ. ಇಲ್ಲದಿದ್ದರೆ ಬ್ರ್ನೊದ ಹಾಸ್ಟೆಲ್ಲಿನಲ್ಲಿ ಇನ್ನೊಂದು ವರ್ಷ ಹುಳಿ ಎಲೆಕೋಸು. ಮನುಷ್ಯ ಹಟಮಾರಿ, ನಿಜವಾದ ಹಳೇ ಗಾಜಿನ ಟಿವಿಯಲ್ಲಿ ಯಾರಾದರೂ ಕಣ್ಣಾರೆ ನೋಡಿ ಬರೆದುಕೊಡದೆ ಒಂದು ಸಾಲನ್ನೂ ಸೇರಿಸುವುದಿಲ್ಲವಂತೆ. ಹಳೇ ಟಿವಿ, ಹಳೇ ಕಣ್ಣು ಎರಡೂ ಒಂದೇ ಕಡೆ ಸಿಗುವುದು ನನ್ನ ಮನೆಯಲ್ಲಿ.

ಈಗ ವರದಿ. ನಿನ್ನ ಒಂದನೇ ಡಿಸ್ಕ್ ಹಾಕಿದೆ. ಗುಂಡಿ ಒತ್ತಿದೆ. ನೀರು ಕುದಿಯುವಷ್ಟು ಹೊತ್ತು ಕಾದೆ. ದೊಡ್ಡ ವೃತ್ತ, ಎಂಟು ಬಣ್ಣದ ಪಟ್ಟೆ ಬರುತ್ತವೆ ಅಂದಿದ್ದೆ. ಬಂದಿದ್ದು ರೈಲು. ಕಿಟಕಿಯಾಚೆ ಗೂಡ್ಸ್ ಗಾಡಿ ಹೋದ ಹಾಗೆ ಏನೋ ಓಡುತ್ತಿತ್ತು, ಆದರೆ ಕೆಳಗಿನಿಂದ ಮೇಲಕ್ಕೆ. ಬಣ್ಣ ಬೂದಿ. ತಲೆ ತಿರುಗಿ ಆರಿಸಿದೆ.

ನಿನ್ನ ಅಜ್ಜಿ,
ಅಪೊಲೆನಾ


ಬ್ರ್ನೊ
21 ಫೆಬ್ರುವರಿ 2007

ಅಜ್ಜಿ, ನನ್ನ ಬಂಗಾರದ ಅಜ್ಜಿ,

ನಿನ್ನ ಕಾಗದವನ್ನು ಅನುವಾದ ಮಾಡಿ ತಾರ್ಮೊಗೆ ಕಳಿಸಿದೆ. ಹತ್ತು ವರ್ಷದಲ್ಲಿ ತನಗೆ ಬಂದ ಅತ್ಯುತ್ತಮ ದೂರು ಇದಂತೆ. "ಆ ರೈಲು ಎಡಕ್ಕೆ ವಾಲಿತ್ತೇ, ನೇರವಾಗಿತ್ತೇ?" ಅಂತ ಕೇಳಿದ್ದಾನೆ. ನಗಬೇಡ, ನಿಜವಾಗಿ ಕೇಳಿದ್ದಾನೆ.

ಎರಡನೇ ಡಿಸ್ಕ್ ಇದರ ಜೊತೆಗಿದೆ. ಒಂದೇ ನಿಯಮ: ಕಂಡದ್ದನ್ನು ಬರಿ, ಅಂದುಕೊಂಡದ್ದನ್ನು ಬರೆಯಬೇಡ.

ಮುತ್ತುಗಳು,
ಯಿತ್ಕಾ


ಲಿಪೊವ್ಕಾ
14 ಮಾರ್ಚ್ 2007

ಮಗಳೇ,

ರೈಲು ನೇರವಾಗಿತ್ತು ಅಂತ ತಾರ್ಮೊಗೆ ಹೇಳು. ಹೇಗೂ ಈಗ ಅದು ನಿಲ್ದಾಣಕ್ಕೆ ಬಂದು ನಿಂತಿದೆ. ಮೂರನೇ ಡಿಸ್ಕಿನಲ್ಲಿ ನಿಂತಿತು. ವೃತ್ತ ಕಾಣುತ್ತದೆ, ಆದರೆ ವೃತ್ತವಲ್ಲ, ಬಾತಿನ ಮೊಟ್ಟೆ; ಅದೂ ನೆತ್ತಿ ಗಲ್ಲ ಎರಡೂ ಕತ್ತರಿಸಿಹೋದ ಮೊಟ್ಟೆ. ನಾಲ್ಕನೆಯದರಲ್ಲಿ ಗಲ್ಲ ಬಂತು. ಐದನೆಯದರಲ್ಲಿ ನೆತ್ತಿಯೂ ಬಂತು, ಮೊಟ್ಟೆ ಉಬ್ಬಿ ತಟ್ಟೆಯಾಯಿತು. ನಿಜವಾದ ತಟ್ಟೆಯನ್ನೇ ಅಟ್ಟದಿಂದ ಇಳಿಸಿ ಗಾಜಿಗೆ ಹಿಡಿದು ನೋಡಿದೆ. ಸುತ್ತಲೂ ಸರಿ ಕೂತಿತು, ಬಲಗಡೆ ಒಂದು ಬೆರಳು ಮಾತ್ರ ಹೆಚ್ಚು. ಬಣ್ಣ ಇನ್ನೂ ಬೂದಿಯೇ.

ಪಕ್ಕದ ಮನೆಯ ವ್ಲಾಸ್ತಾಗೆ ವಾಸನೆ ಹತ್ತಿದೆ. ಅಂಚೆಯವಳು ವಾರಕ್ಕೊಂದು ಡಿಸ್ಕ್ ತಂದುಕೊಡುತ್ತಿದ್ದರೆ ಈ ಊರಲ್ಲಿ ಯಾರಿಗೆ ತಾನೇ ಹತ್ತುವುದಿಲ್ಲ? ನಿನ್ನೆ ಬೇಲಿಯಾಚೆಯಿಂದ, "ಏನ್ ಪೊಲೆನ್ಕಾ, ಈ ವಯಸ್ಸಲ್ಲಿ ಪ್ರೇಮಪತ್ರ ಬರ್ತಿದ್ಯಂತೆ?" ಅಂದಳು. "ಹೌದು, ಎಸ್ಟೋನಿಯಾದಿಂದ" ಅಂದೆ. ಇಪ್ಪತ್ತನಾಲ್ಕು ವರ್ಷದಲ್ಲಿ ನಾವಿಬ್ಬರೂ ಹವಾಮಾನ ಬಿಟ್ಟು ಬೇರೆ ಮಾತಾಡಿದ್ದು ಇದೇ ಮೊದಲು. ಬಂದು ನೋಡಬಹುದಾ ಅಂತ ಕೇಳಿದಳು. ಬೇಡ ಅನ್ನಲು ಬಾಯಿ ಬರಲಿಲ್ಲ.

ಅಜ್ಜಿ,
ಅಪೊಲೆನಾ


ಲಿಪೊವ್ಕಾ
2 ಏಪ್ರಿಲ್ 2007

ಯಿತ್ಕಾ! ಯಿತ್ಕಾ!

ಬಣ್ಣ ಬಂತು! ಏಳನೇ ಡಿಸ್ಕ್, ಬೆಳಿಗ್ಗೆ ಒಂಬತ್ತಕ್ಕೆ. ಹಳದಿ, ನೀಲಿ, ಹಸಿರು, ನನ್ನ ಮದುವೆಯ ಲಂಗದ ಅಂಚಿನಂಥದೇ ಕೆಂಪು. ಒಬ್ಬಳೇ ಚಪ್ಪಾಳೆ ತಟ್ಟಿದೆ. ಬಾತುಗಳು ಹೆದರಿದವು.

ಅಷ್ಟರಲ್ಲಿ ವ್ಲಾಸ್ತಾ ಬಂದಳು. ಬಾ, ನೋಡು ಅಂತ ತಿರುಗಿದರೆ ಎಲ್ಲಾ ಬೂದಿ. "ಇದೇನಾ ನಿನ್ ಮೊಮ್ಮಗಳು ಆರು ವರ್ಷ ಓದಿ ಮಾಡಿದ್ದು? ನಮ್ ಕಾಲದಲ್ಲೂ ಟಿವಿ ಹೀಗೇ ಇತ್ತಲ್ಲೇ" ಅಂದಳು. ಅವಳ ಬೆನ್ನ ಹಿಂದೆ ಗೇಟು ಮುಚ್ಚಿತೋ ಇಲ್ಲವೋ, ಬಣ್ಣ ಮರಳಿ ಬಂತು!

ಕಂಡದ್ದನ್ನು ಬರಿ ಅಂದೆಯಲ್ಲ, ಬರೆದಿದ್ದೇನೆ. ವ್ಲಾಸ್ತಾ ಬಂದರೆ ಬಣ್ಣ ಹೋಗುತ್ತದೆ.

ಅಪೊಲೆನಾ


ಬ್ರ್ನೊ
19 ಏಪ್ರಿಲ್ 2007

ಅಜ್ಜಿ,

ಈಸ್ಟರ್ ರಜೆಯೆಲ್ಲ ಡ್ರೈವರ್ ಕೋಡಿನ ಬಣ್ಣದ ಭಾಗವನ್ನು ಬಿಚ್ಚಿ ಹೊಲಿದೆ. ಚಿಪ್ ಬಿಸಿಯಾದಾಗ ಬಣ್ಣದ ಅಲೆ ತಾಳ ತಪ್ಪುತ್ತಿರಬಹುದು ಅಂದುಕೊಂಡು ಎಂಟು, ಒಂಬತ್ತು, ಹತ್ತನೇ ಡಿಸ್ಕ್ ಮಾಡಿದೆ. ಮೂರಕ್ಕೂ ನಿನ್ನ ಉತ್ತರ ಒಂದೇ: "ವ್ಲಾಸ್ತಾ ಬಂದಳು, ಬಣ್ಣ ಹೋಯಿತು." ನನ್ನ ಗುರುಗಳಿಗೆ ಇದನ್ನು ಏನಂತ ತೋರಿಸಲಿ? ವ್ಲಾಸ್ತಾ ಅಜ್ಜಿಯಿಂದ ತಗಲುವ ಪೀಡೆಯನ್ನು ತಡೆಯುವ ಸಾಲನ್ನು ಎಲ್ಲಿ ಬರೆಯಲಿ? ದಯವಿಟ್ಟು ಸರಿಯಾಗಿ ನೋಡು. ಇನ್ನು ಆರು ವಾರ ಉಳಿದಿದೆ.

ಯಿತ್ಕಾ


ಲಿಪೊವ್ಕಾ
24 ಏಪ್ರಿಲ್ 2007

ಕುಮಾರಿ ಯಿತ್ಕಾ ಅವರಿಗೆ,

ಪೀಡೆ ಅಂತ ನಾನು ಬರೆದಿಲ್ಲ. ಬರೆದವಳು ನೀನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಡೊಂಕಾಗಿದೆ ಅಂತ ನಾನು ಹೇಳಿದರೆ ನನಗೇ ಕುಣಿಯಲು ಬರುವುದಿಲ್ಲ ಅನ್ನುತ್ತೀಯ.

ಸೋಮವಾರ ಒಬ್ಬಳೇ: ಬಣ್ಣ. ಮಂಗಳವಾರ ವ್ಲಾಸ್ತಾ: ಬೂದಿ. ಬುಧವಾರ ಅಂಚೆಯವಳು ಕಾಫಿಗೆ ಕೂತಳು: ಬಣ್ಣ. ಗುರುವಾರ ಪಾದ್ರಿ ಬಂದರು: ಬಣ್ಣ, ಅವರಿಗೆ ನೇರಳೆ ಇಷ್ಟವಾಯಿತು. ಶುಕ್ರವಾರ ವ್ಲಾಸ್ತಾ: ಬೂದಿ. ಶನಿವಾರ ವ್ಲಾಸ್ತಾ ಗಸಗಸೆ ಕೇಕ್ ತಂದಳು: ಬೂದಿ. ಕೇಕ್ ಚೆನ್ನಾಗಿತ್ತು.

ಸಹಿ:
ಅಪೊಲೆನಾ, ಐದನೇ ಕ್ಲಾಸು


ಬ್ರ್ನೊ
2 ಮೇ 2007

ಅಜ್ಜಿ,

ತಪ್ಪಾಯಿತು. ಕಿವಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಅದಕ್ಕೇ ಅಕ್ಷರ ಸೊಟ್ಟ.

ನಿನ್ನ ಆರು ದಿನದ ಪಟ್ಟಿ ನೋಡಿ ತಾರ್ಮೊ ನನಗೆ ಬೈದ. ಅವನ ಮಾತು ಹೀಗಿದೆ: "ಕಣ್ಣಿಂದ ನೋಡಿದವರನ್ನು ನೋಡದೆ ಇರುವವರು ಅನುಮಾನಿಸಬಾರದು. ವ್ಲಾಸ್ತಾ ಬಂದಾಗ ಬಣ್ಣ ಹೋಗುವುದು ನಿಜ. ಅವರು ಬಂದಾಗ ಕೋಣೆಯಲ್ಲಿ ಇನ್ನೇನು ಬದಲಾಗುತ್ತದೆ? ನಿನ್ನ ಅಜ್ಜಿ ಮುಂದಿನ ಸಲ ಟಿವಿಯನ್ನು ನೋಡದೆ, ಬಾಗಿಲು ಬಡಿದಲ್ಲಿಂದ ಕೂರುವವರೆಗೆ ನಡೆದದ್ದನ್ನೆಲ್ಲ ನೋಡಲಿ."

ನಾನು ಹನ್ನೊಂದನೇ ಡಿಸ್ಕ್ ಕಳಿಸುತ್ತಿಲ್ಲ. ಏಳನೆಯದನ್ನೇ ಹಾಕು.

ನಿನ್ನ ದಡ್ಡಿ,
ಯಿತ್ಕಾ


ಲಿಪೊವ್ಕಾ
10 ಮೇ 2007

ಮಗಳೇ,

ಈ ಕಾಗದವನ್ನು ಅನುವಾದ ಮಾಡುವ ಮೊದಲು ಒಂದು ಸಲ ಒಬ್ಬಳೇ ಓದಿಕೋ.

ಇವತ್ತು ವ್ಲಾಸ್ತಾ ಬಂದಳು. ಅವಳು ಬಾಗಿಲು ಬಡಿಯುವವಳಲ್ಲ, ಬೆರಳಿನ ಉಂಗುರದಿಂದ ಕಿಟಕಿಯ ಗಾಜು ಕುಟ್ಟುತ್ತಾಳೆ. ಟಿಕ್, ಟಿಕ್. ತಾರ್ಮೊ ಹೇಳಿದಂತೆ ನಾನು ಟಿವಿ ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡುತ್ತ ನಿಂತಿದ್ದೆ. ಏನು ಕಂಡೆ ಗೊತ್ತೇ? ನನ್ನದೇ ಎಡಗೈ. ಅದು ತನ್ನ ಪಾಡಿಗೆ ಟಿವಿಯ ಹಿಂದಕ್ಕೆ ಹೋಗಿ ಒಂದು ಸಣ್ಣ ಸ್ವಿಚ್ಚನ್ನು ಕೆಳಗೊತ್ತಿ ವಾಪಸು ಬಂದು ಏಪ್ರನ್ನಿನ ಜೇಬಿಗೆ ಇಳಿಯಿತು. ಕಳ್ಳ ಬೆಕ್ಕು ಹಾಲು ಕುಡಿದು ಬಂದ ಹಾಗೆ.

ಆ ಸ್ವಿಚ್ಚು ನಿನ್ನ ತಾತ ಓಲ್ಡಾ ಹಾಕಿದ್ದು. ಆಗ ನಮ್ಮ ಟಿವಿಗಳಿಗೆ ಪೂರ್ವದವರ, ಅಂದರೆ ರಷ್ಯಾದ ಕಡೆಯವರ, ಬಣ್ಣದ ಪದ್ಧತಿ ಮಾತ್ರ ಗೊತ್ತಿತ್ತು. ಗುಡ್ಡದಾಚೆಯ ಆಸ್ಟ್ರಿಯಾದ ಚಾನೆಲ್ ಇಲ್ಲಿಗೆ ಬೂದಿಯಾಗಿ ಬರುತ್ತಿತ್ತು. ಅದನ್ನು ನೋಡುವುದೇ ಸರಕಾರದ ಕಣ್ಣಿಗೆ ತಪ್ಪು. ಓಲ್ಡಾ ಒಂದು ಪುಟ್ಟ ಸರ್ಕ್ಯೂಟ್ ಹಲಗೆ ಬೆಸೆದು ಒಳಗಿಟ್ಟ. ಸ್ವಿಚ್ಚು ಮೇಲಿದ್ದರೆ ಅವರ ಬಣ್ಣ, ಕೆಳಗಿದ್ದರೆ ನಮ್ಮದು. ಊರಲ್ಲಿ ಇನ್ನೂ ಕೆಲವರಿಗೆ ಗುಟ್ಟಾಗಿ ಮಾಡಿಕೊಟ್ಟ. ಯಾರಿಗೆ ಅಂತ ನನಗೂ ಹೇಳಲಿಲ್ಲ. 1983ರಲ್ಲಿ ಯಾರೋ ಚಾಡಿ ಹೇಳಿದರು. ಅವನನ್ನು ಜಿಲ್ಲಾ ಕಚೇರಿಗೆ ಎರಡು ಸಲ ಕರೆಸಿದರು. ವ್ಲಾಸ್ತಾಳ ಗಂಡ ಬೋಹುಶ್ ಆಗ ಸಹಕಾರಿ ಫಾರ್ಮಿನ ಅಧ್ಯಕ್ಷ, ಕಮ್ಯುನಿಸ್ಟ್ ಪಕ್ಷದ ಮನುಷ್ಯ. ನಾನು ಯಾರನ್ನು ಅನುಮಾನಿಸಿದೆ ಅಂತ ಬರೆಯುವುದಿಲ್ಲ. ಅಂದಿನಿಂದ ಕಿಟಕಿಯಲ್ಲಿ ಆ ಉಂಗುರದ ಸದ್ದು ಕೇಳಿದರೆ ಮೊದಲು ಸ್ವಿಚ್ಚು, ಆಮೇಲೆ ಚಾನೆಲ್ಲಿನ ಗುಂಡಿ. ಗುಂಡಿ ಕಿತ್ತುಹೋಗಿ ಹತ್ತು ವರ್ಷವಾಯಿತು. ಇದ್ದಿದ್ದರೆ ನಿನ್ನ ಚಿತ್ರವೇ ಹೋಗುತ್ತಿತ್ತು.

ಕಾಲ ಬದಲಾಯಿತು, ನಮ್ಮ ಚಾನೆಲ್‌ಗಳೂ ಅವರ ಬಣ್ಣಕ್ಕೇ ಹೋದವು, ಸ್ವಿಚ್ಚಿಗೆ ಕೆಲಸ ತಪ್ಪಿತು. ವ್ಲಾಸ್ತಾ ಈ ಮನೆಗೆ ಬರುವುದನ್ನೂ ಬಿಟ್ಟಿದ್ದಳು. ನಾನು ಮರೆತೆ, ಕೈ ಮರೆಯಲಿಲ್ಲ. ಅವಳು ಹೋಗುವಾಗ ಗೇಟಿನ ಅಗುಳಿ ಬಿದ್ದರೆ ಅದೇ ಕೈ ಹೋಗಿ ಸ್ವಿಚ್ಚನ್ನು ಮೇಲೆತ್ತುತ್ತದೆ. ಅದನ್ನೂ ನೋಡಿದೆ.

ನಿನ್ನ ಚಿತ್ರವೂ ಅವರ ಬಣ್ಣದ್ದೇ ಇರಬೇಕು, ಸ್ವಿಚ್ಚು ಕೆಳಗಾದರೆ ಬೂದಿ. ನಿನ್ನ ಕೋಡು ಸರಿಯಾಗಿದೆ ಮಗಳೇ. ಕೆಟ್ಟಿದ್ದು ನಾನು.

ಅಜ್ಜಿ


ಬ್ರ್ನೊ
16 ಮೇ 2007

ಅಜ್ಜಿ,

ಒಬ್ಬಳೇ ಓದಿದೆ. ಸ್ವಲ್ಪ ಅತ್ತೆ, ಆಮೇಲೆ ಹಾಸ್ಟೆಲ್ಲೇ ಎದ್ದು ಬರುವ ಹಾಗೆ ನಕ್ಕೆ. ನಿನ್ನ ಕೈಗೆ ನನ್ನ ಮುತ್ತು.

ಎಂಟು, ಒಂಬತ್ತು, ಹತ್ತನ್ನು ಎಸೆದು ಏಳನೆಯದನ್ನೇ ತಾರ್ಮೊಗೆ ಕಳಿಸಿದೆ. ಅವನಿಗೆ ಖುಷಿ. ಆದರೆ ಈಗ ಅವನ ಕೊನೆಯ ಷರತ್ತು: ಒಂದೇ ಟಿವಿಯ ಮಾತು ಸಾಲದು, ಇನ್ನೊಂದು ಮನೆಯ ಇನ್ನೊಂದು ಹಳೇ ಟಿವಿಯಲ್ಲೂ ಬಣ್ಣ ಕಂಡಿರಬೇಕು, ನೋಡಿದವರು ಹೆಸರು ಹಾಕಿ ಹೇಳಬೇಕು. ಬ್ರ್ನೊದಲ್ಲಿ ಎಲ್ಲರೂ ಚಪ್ಪಟೆ ಟಿವಿ ಕೊಂಡಿದ್ದಾರೆ. ಒಂದು ಕಡೆ ಸಿಕ್ಕಿತು. ಅದರೊಳಗೆ ಬೆಕ್ಕು ಮಲಗಿತ್ತು.

ಇನ್ನು ಹದಿನೈದು ದಿನ. ಊರಲ್ಲಿ ಯಾರ ಹತ್ತಿರವಾದರೂ ಇದೆಯಾ? ಕೇಳಲು ಇಷ್ಟವಿಲ್ಲದವರ ಹತ್ತಿರ ಇದ್ದರೂ ಸರಿ ಅಂತ ಹೇಳುವ ಧೈರ್ಯ ನನಗಿಲ್ಲ.

ಯಿತ್ಕಾ


ಲಿಪೊವ್ಕಾ
26 ಮೇ 2007

ಯಿತ್ಕಾ,

ಧೈರ್ಯ ಇಲ್ಲ ಅನ್ನುತ್ತಲೇ ಹೇಳಿಯೂಬಿಟ್ಟೆ, ನಿನ್ನ ತಾತನ ಮೊಮ್ಮಗಳು.

ಒಂದು ವಾರ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಏಪ್ರಿಕಾಟ್ ಬ್ರಾಂಡಿಯ ಬಾಟಲಿ ಹಿಡಿದು ವ್ಲಾಸ್ತಾಳ ಮನೆಗೆ ಹೋದೆ. ಒಂದು ಲೋಟ ಅವಳಿಗೆ, ಎರಡು ನನಗೆ. "ನಿನ್ ಹತ್ರ ಹಳೇ ಟಿವಿ ಇದ್ಯೇನೇ?" ಅಂದೆ. "ಹಿತ್ತಲಲ್ಲಿ ಬೇಸಿಗೆ ಅಡುಗೆಮನೆ ಇದ್ಯಲ್ಲ, ಅಲ್ಲಿದೆ, ಯಾಕೆ?" ಅಂದಳು. ಯಾಕೆ ಅಂತ ಹೇಳಬೇಕಲ್ಲ, ಎಲ್ಲವನ್ನೂ ಹೇಳಿದೆ. ಸ್ವಿಚ್ಚು, ಕೈ, ಅವಳ ಉಂಗುರ, ನನ್ನ ಭಯ. ನೆಲ ನೋಡಿಕೊಂಡೇ ಹೇಳಿದೆ.

ತಲೆ ಎತ್ತಿದರೆ ಅವಳ ಮುಖ ಕೆಂಪೇರಿ ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ನನ್ನ ಕೈ ಹಿಡಿದು ದರದರ ಎಳೆದುಕೊಂಡು ಬೇಸಿಗೆ ಅಡುಗೆಮನೆಗೆ ಹೋದಳು, ಟಿವಿಯ ಮೇಲಿನ ಈರುಳ್ಳಿ ಬುಟ್ಟಿ ಇಳಿಸಿದಳು, ಅದರ ಬೆನ್ನು ನನ್ನ ಕಡೆ ತಿರುಗಿಸಿದಳು. ಅದೇ ಸ್ವಿಚ್ಚು! ಓಲ್ಡಾನದೇ ಕೈಕೆಲಸ, ಬೆಸುಗೆಯ ಪಕ್ಕ ಅವನು ಅಂಟಿಸುತ್ತಿದ್ದ ನೀಲಿ ಟೇಪೂ ಇದೆ.

"ನೀನು ಬಂದ್ರೆ ನಾವು ಒತ್ತುತ್ತಿದ್ವಿ ಕಣೇ! ಬೋಹುಶ್ ಹೇಳೋನು, ಓಲ್ಡಾ ಬಾಯಿ ಬಿಡಲ್ಲ, ಆದ್ರೆ ಅವನ ಹೆಂಡ್ತಿ ನಾಲಿಗೆ ಕತ್ತರಿ ಅಂತ!"

"ಅಧ್ಯಕ್ಷರ ಮನೇಲಿ ಆಸ್ಟ್ರಿಯಾ ಚಾನೆಲ್ಲಾ?"

"ಮತ್ತೆ ಆ ಗಸಗಸೆ ಕೇಕ್ ನಾನೆಲ್ಲಿ ಕಲ್ತೆ ಅಂದ್ಕೊಂಡೆ?"

ಆಗ ನೆನಪಾಯಿತು. 85ರಲ್ಲಿ ಸುಗ್ಗಿಯೂಟಕ್ಕೆ ನಾವಿಬ್ಬರೂ ಒಂದೇ ಥರದ ಕೇಕ್ ಮಾಡಿಕೊಂಡು ಬಂದು, ಒಬ್ಬರದನ್ನು ಇನ್ನೊಬ್ಬರು ಕದ್ದಿದ್ದೇವೆ ಅಂತ ಒಂದು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದ್ದೆವು. ಇಬ್ಬರಿಗೂ ಅದನ್ನು ಕಲಿಸಿದ್ದು ಗುಡ್ಡದಾಚೆಯ ಚಾನೆಲ್ಲಿನ ಒಬ್ಬಳೇ ದಪ್ಪ ಹೆಂಗಸು, ಗುರುವಾರ ಸಂಜೆ ಐದಕ್ಕೆ.

ಇನ್ನೊಂದು ಮಾತನ್ನು ಅವಳು ನಗು ನಿಲ್ಲಿಸಿ ಹೇಳಿದಳು. ಕಚೇರಿಯಲ್ಲಿ ಓಲ್ಡಾನ ಮುಂದೆ ಹಾಳೆ ಇಟ್ಟು, ಯಾರ್ಯಾರ ಮನೆಗೆ ಹಾಕಿಕೊಟ್ಟೆ, ಪಟ್ಟಿ ಬರಿ ಅಂದರಂತೆ. ಅವನು ಎರಡು ಸಲವೂ ಖಾಲಿ ಹಾಳೆ ವಾಪಸು ಕೊಟ್ಟನಂತೆ. "ಬರೆದಿದ್ರೆ ಮೊದಲನೇ ಹೆಸರು ನಮ್ದೇ ಇರ್ತಿತ್ತು ಪೊಲೆನ್ಕಾ. ಪ್ರತಿ ಚಳಿಗಾಲ ನಿಮ್ ಬಾಗಿಲಿಗೆ ಒಂದು ಹೆಬ್ಬಾತು ಬರ್ತಿತ್ತಲ್ಲ, ಫಾರ್ಮಿನ ಬೋನಸ್ ಅಂದ್ಕೊಂಡಿದ್ಯಾ?" ಹಾಗಂತಲೇ ಅಂದುಕೊಂಡಿದ್ದೆ. ನಿನ್ನ ತಾತ ಆ ಬಾತು ತಿನ್ನುತ್ತ ನನ್ನೆದುರೇ ಕೂತಿರುತ್ತಿದ್ದ, ತುಟಿ ಬಿಚ್ಚಲಿಲ್ಲ.

ಚಾಡಿ ಹೇಳಿದ್ದು ಯಾರು? ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನೊಂದು ಲೋಟ ಸುರಿದುಕೊಂಡೆವು.

ಆಮೇಲೆ ದ್ರಾಕ್ಷಿ ಸಾಗಿಸುವ ಕೈಗಾಡಿಯಲ್ಲಿ ದಿಂಬು ಹಾಕಿ ನಿನ್ನ ಪೆಟ್ಟಿಗೆಯನ್ನು ಮಲಗಿಸಿ ಇಬ್ಬರು ಮುದುಕಿಯರು ಅವಳ ಮನೆಗೆ ತಳ್ಳಿಕೊಂಡು ಹೋದೆವು. ಏಳನೇ ಡಿಸ್ಕ್ ಹಾಕಿದೆವು. ವ್ಲಾಸ್ತಾ ಸ್ವಿಚ್ಚು ಮೇಲೆತ್ತಿದಳು. ಎಂಟೂ ಬಣ್ಣ ಬಂದವು ಯಿತ್ಕಾ. ಕಿತ್ತಳೆ ಅಂತ ಅವಳು, ಕೆಂಪು ಅಂತ ನಾನು. ಒಂದು ಗಂಟೆ ಜಗಳವಾಡಿದೆವು. ಅವಳ ಟಿವಿ ಸ್ವಲ್ಪ ಬಿಸಿಲು ಕಂಡದ್ದು, ಅಷ್ಟೇ. ಬಣ್ಣ ಅಂತೂ ಇದೆ.

ಅಂಚೆಗೆ ಹಾಕಿದರೆ ತಡವಾಗುತ್ತದೆ. ಸಂಜೆ ಆರರ ಬಸ್ಸಿನ ಡ್ರೈವರ್ ನಿನ್ನ ಹಾಸ್ಟೆಲ್ ಮುಂದೆಯೇ ಹೋಗುತ್ತಾನಂತೆ. ಉಳಿದ ಬ್ರಾಂಡಿಯ ಜೊತೆ ಇದನ್ನು ಅವನ ಕೈಗೆ ಕೊಡುತ್ತಿದ್ದೇವೆ. ಕೆಳಗೆ ಇಬ್ಬರ ಸಹಿ.

ನೋಡಿದೆ: ಅಪೊಲೆನಾ
ನೋಡಿದೆ, ಕಿತ್ತಳೆಯೇ: ವ್ಲಾಸ್ತಾ


ಬ್ರ್ನೊ
31 ಮೇ 2007

ಅಜ್ಜಿಯರೇ!

ಒಪ್ಪಿದ! ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ತಾರ್ಮೊ ಸೇರಿಸಿಕೊಂಡ. ಗುರುಗಳು ಸಹಿ ಹಾಕಿದರು. ನನಗೆ ಪದವಿ! ಹುಳಿ ಎಲೆಕೋಸಿಗೆ ವಿದಾಯ!

ನಮ್ಮಲ್ಲೊಂದು ಪದ್ಧತಿಯಿದೆ. ಪ್ರತಿಯೊಂದು ಬದಲಾವಣೆಯ ಕೆಳಗೆ ಅದನ್ನು ಬರೆದವರ ಹೆಸರು, ಪರೀಕ್ಷಿಸಿ ನೋಡಿದವರ ಹೆಸರು ಇರುತ್ತದೆ. ಡ್ರೈವರ್ ಇರುವವರೆಗೂ ಅದು ಇರುತ್ತದೆ, ಯಾರೂ ಅಳಿಸುವುದಿಲ್ಲ. ಆ ಪುಟವನ್ನು ಅಚ್ಚು ಹಾಕಿಸಿ ಇದರೊಡನೆ ಇಟ್ಟಿದ್ದೇನೆ. ಶನಿವಾರದ ಬಸ್ಸಿಗೆ ಬರುತ್ತೇನೆ; ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬಂದೆ.

ಪದವೀಧರೆ,
ಯಿತ್ಕಾ


ಲಿಪೊವ್ಕಾ
8 ಜೂನ್ 2007

ಪದವೀಧರೆ ಮಗಳೇ,

ನೀನು ಹೋದ ಮಾರನೆಯ ದಿನ ಕಾಗದ ಬಂತು. ನಮ್ಮ ಅಂಚೆ ಹಾಗೇ. ಪುಟವನ್ನು ವ್ಲಾಸ್ತಾಗೆ ತೋರಿಸಲು ಒಯ್ದೆ. ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿದಳು.

"ನನ್ ಹೆಸರ್ ಯಾಕೆ ಕೆಳಗೆ?"

"ನಾನು ನಾಲ್ಕು ತಿಂಗಳು ನೋಡ್ದೆ, ನೀನು ಒಂದಿನ."

"ನಾನೂ ದಿನಾ ಬರ್ತಿದ್ನಲ್ಲ!"

"ಬರ್ತಿದ್ದೆ, ಬಣ್ಣ ಕೆಡ್ಸೋಕೆ."

ಅದಕ್ಕವಳು ನಗಲಿಲ್ಲ. ಬೆರಳಿನಿಂದ ನನ್ನ ಹೆಸರು ಮುಟ್ಟಿದಳು, ತನ್ನದು ಮುಟ್ಟಿದಳು. "ಇದನ್ನ ಯಾರ್ ಬೇಕಾದ್ರೂ ಓದ್ಬೋದಾ?" ಅಂದಳು. "ಪ್ರಪಂಚದಲ್ಲಿ ಯಾರ್ ಬೇಕಾದ್ರೂ. ಅಳ್ಸೋಕೂ ಆಗಲ್ವಂತೆ" ಅಂದೆ. ನಮ್ಮ ಹೆಸರು ಯಾವ ಹಾಳೆಗೂ ಏರದಿರಲಿ ಅಂತಲೇ ಅರ್ಧ ಆಯಸ್ಸು ಕಳೆದವರು ನಾವು. ಅವಳು ಎದ್ದು ಹಿಟ್ಟು ಕಲಸಿ ಅಂಟು ಮಾಡಿದಳು. ಪುಟವನ್ನು ಕಿಟಕಿಯ ಗಾಜಿಗೆ, ಅಕ್ಷರ ಬೀದಿಗೆ ಕಾಣುವ ಹಾಗೆ ಅಂಟಿಸಿದಳು.

ಅಂಚೆಯವಳು ಸೈಕಲ್ ನಿಲ್ಲಿಸಿದಳು. ಬರಹವೆಲ್ಲ ಇಂಗ್ಲಿಷು, ಪಾಪ, ಅವಳಿಗೆ ಅರ್ಥವಾಗಿದ್ದು ಎರಡು ಹೆಸರು ಮಾತ್ರ. ಹುಬ್ಬು ಗಂಟಿಕ್ಕಿ ಕಿಟಕಿಯೊಳಗೆ ಇಣುಕಿ ಕೇಳಿದಳು:

"ಅಯ್ಯೋ, ನೀವಿಬ್ರೂ ಏನ್ರೀ ಮಾಡಿದ್ರಿ?"

ವ್ಲಾಸ್ತಾ ಕಿಟಕಿಯ ಎರಡೂ ಬಾಗಿಲು ತೆರೆದು, ಚರ್ಚಿನವರೆಗೂ ಕೇಳುವ ಹಾಗೆ ಕೂಗಿದಳು:

"ಟಿವಿ ನೋಡಿದ್ವಿ ಕಣಮ್ಮಾ! ಬಣ್ಣದ್ದು!"

ಮಗಳೇ, ಆರೋಗ್ಯ ನೋಡಿಕೋ, ಬಿಸಿ ಊಟ ಮಾಡು.

ನಿನ್ನ
ಅಪೊಲೆನಾ ಅಜ್ಜಿ